ಬುಧವಾರ ನಡುರಾತ್ರಿ, ಕಾಂಟಿನೆಂಟಲ್ ಕ್ಲಬ್

"ಮಾಮ, ರಾತ್ರಿ ಹನ್ನೆರಡಕ್ಕೆ ಶುರುವಾಗೋ ಶೋ ನೋಡೋಕೆ ಇನ್ನೂರು ಮೈಲಿ ಹೋಗ್ಬೇಕಾ? ಬೆಳಗಾಗೋದ್ರೊಳಗೆ ಅಷ್ಟೇ ದೂರ ವಾಪಸ್ ಬರ್ಬೇಕಲ್ಲ?"

ಅಕ್ಕನ ಮಗ, ನನ್ನ ಅಳಿಯ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ಹನ್ನೆರಡು ವರ್ಷದಿಂದ ಕಾಯ್ತಿದ್ದೀನಿ ಕಣೋ" ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ, ಆಮೇಲೆ ಫೋನ್ ತೆಗೆದು ಗುರುವಾರಕ್ಕೆ ರಜೆ ಹಾಕಿದ.

ಇದು 2018ರ ಅಕ್ಟೋಬರ್ ಮಾತು. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿರುವ ಅಕ್ಕನ ಮನೆಗೆ ಮೂರು ವಾರಕ್ಕೆಂದು ಹೋಗಿದ್ದೆ. ನಾಸಾ, ಮಾಲ್, ದೇವಸ್ಥಾನ ಎಂದು ಅಕ್ಕ ದೊಡ್ಡ ಪಟ್ಟಿಯನ್ನೇ ಮಾಡಿಟ್ಟಿದ್ದಳು. ನನ್ನ ಪಟ್ಟಿಯಲ್ಲಿದ್ದದ್ದು ಒಂದೇ ಬುಧವಾರ. ಆಸ್ಟಿನ್ ನಗರದ ಕಾಂಟಿನೆಂಟಲ್ ಕ್ಲಬ್ ಎಂಬ ಬಾರಿನಲ್ಲಿ ಜೇಮ್ಸ್ ಮೆಕ್‌ಮರ್ಟ್ರಿ ಎಂಬ ಹಾಡುಗಾರ, ಊರಿನಲ್ಲಿದ್ದಾಗ, ಬುಧವಾರ ನಡುರಾತ್ರಿ ಹಾಡುತ್ತಿದ್ದ. ಎಷ್ಟೋ ವರ್ಷದಿಂದ ನಡೆದು ಬಂದಿದ್ದ ಪದ್ಧತಿ ಅದು. ಅವನು ಆ ವಾರ ಊರಲ್ಲಿದ್ದಾನೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ನಾನು ಉಳಿದ ದಿನಗಳನ್ನು ಅಕ್ಕನಿಗೆ ಬಿಟ್ಟುಕೊಟ್ಟದ್ದು.

ಅವನ ಹಾಡು ನನಗೆ ಸಿಕ್ಕಿದ ಬಗೆಯನ್ನು ಹೇಳದಿದ್ದರೆ ಈ ಪ್ರಯಾಣಕ್ಕೆ ಅರ್ಥವಿಲ್ಲ. ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲೊಂದರ ಸ್ಪಿನ್ನಿಂಗ್ ಖಾತೆಯಲ್ಲಿ ದುಡಿದವರು. ಆಗ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಬಂದಾಗ ಅಪ್ಪನ ಹುಬ್ಬಿನ ಮೇಲೆ, ಕಿವಿಯ ಸುರುಳಿಯೊಳಗೆ ಹತ್ತಿಯ ನವಿರು ಅಂಟಿರುತ್ತಿತ್ತು. ಅಮ್ಮ ಸೆರಗಿನ ತುದಿಯಿಂದ ಒರೆಸುತ್ತಿದ್ದಳು. ಒಂದು ದಿನ ಪಾಳಿಗೆ ಹೋದವರು ಅರ್ಧ ಗಂಟೆಯಲ್ಲಿ ಬುತ್ತಿ ಬಿಚ್ಚದೆ ವಾಪಸ್ ಬಂದರು. ಗೇಟಿಗೆ ಬೀಗ ಬಿದ್ದಿತ್ತು. ಆಮೇಲೆ ಅವರು ಮಂಡಕ್ಕಿ ಭಟ್ಟಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿಕೊಂಡರು. ಮಿಲ್ಲಿನಿಂದ ಬರಬೇಕಾದ ದುಡ್ಡಿಗೆ ವರ್ಷಗಟ್ಟಲೆ ಅಲೆದರು. ಅದರಲ್ಲಿ ಅರ್ಧವೂ ಕೈಸೇರಲಿಲ್ಲ.

2006ರಲ್ಲಿ ನಾನು ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಅಮೆರಿಕದ ವಿಮಾ ಕ್ಲೇಮುಗಳನ್ನು ಕಂಪ್ಯೂಟರಿನಲ್ಲಿ ಪರಿಶೀಲಿಸುವ ಕೆಲಸ. ಒಂದು ರಾತ್ರಿ ಪಕ್ಕದ ಸೀಟಿನವನು ಹೆಡ್‌ಫೋನ್ ಕೊಟ್ಟು ಇದೊಂದು ಕೇಳು ಎಂದ. ಹಾಡಿನ ಹೆಸರು 'ವಿ ಕಾಂಟ್ ಮೇಕ್ ಇಟ್ ಹಿಯರ್'. ಮೆಕ್‌ಮರ್ಟ್ರಿ ಅದನ್ನು 2004ರಲ್ಲಿ ಯಾರು ಬೇಕಾದರೂ ಕೇಳಲಿ ಎಂದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟಿದ್ದ. ಮರುವರ್ಷ 'ಚೈಲ್ಡಿಶ್ ಥಿಂಗ್ಸ್' ಆಲ್ಬಮ್ಮಿನಲ್ಲಿ ಬಂತು. ಏಳು ನಿಮಿಷದ ಹಾಡು. ಅದರಲ್ಲಿ ಮುಚ್ಚಿದ ಬಟ್ಟೆ ಮಿಲ್ಲೊಂದು ಬರುತ್ತದೆ. ಖಾಲಿ ಬಿದ್ದ ಪೇಟೆ ಬರುತ್ತದೆ. ಯುದ್ಧದಿಂದ ಮರಳಿ ಬೀದಿಗೆ ಬಿದ್ದ ಸೈನಿಕ ಬರುತ್ತಾನೆ. ಗಂಟೆಗೆ 5.15 ಡಾಲರ್ ಎಂಬ ಅಂದಿನ ಕನಿಷ್ಠ ಕೂಲಿಯ ಅಂಕಿ ಕೂಡ ಇದ್ದ ಹಾಗೆಯೇ ಬರುತ್ತದೆ. ಕೆಲಸಗಳನ್ನು ಹಡಗು ಹತ್ತಿಸಿ ದೂರದ ದೇಶಗಳಿಗೆ ಕಳಿಸಿದರು ಎಂಬ ಸಿಟ್ಟಿದೆ. ಹಾಗೆ ಕಳಿಸಿದ ಕೆಲಸಗಳಲ್ಲೊಂದನ್ನು ಆ ಹೊತ್ತಿನಲ್ಲಿ ನಾನೇ ಮಾಡುತ್ತಿದ್ದೆ. ಆದರೆ ಆ ಸಿಟ್ಟು ನನ್ನಂಥ ದೂರದ ಕೆಲಸಗಾರನ ಕಡೆ ತಿರುಗಲಿಲ್ಲ. ನೇರವಾಗಿ ಕಳಿಸಿದವರ ಕಡೆಗೇ ಹೋಯಿತು. ಅಪ್ಪನ ಮಿಲ್ಲು, ನನ್ನ ಪಾಳಿ, ಎಂದೂ ಕಾಣದ ಅಮೆರಿಕದ ಒಂದು ಊರು, ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದವನನ್ನು ಎದುರಿಗೆ ನಿಂತು ಕೇಳಬೇಕು ಎಂದು ಅವತ್ತೇ ಅಂದುಕೊಂಡೆ.

ಮಧ್ಯಾಹ್ನ ಒಂದಕ್ಕೆ ಹೊರಟೆವು. ಡಲ್ಲಾಸ್ ದಾಟಿ ದಕ್ಷಿಣಕ್ಕೆ ಐ-35 ಹೆದ್ದಾರಿ. ಊರಿನ ಗಲಾಟೆ ಕಳೆದ ಮೇಲೆ ಎರಡೂ ಕಡೆ ಬಯಲು ಬಿಚ್ಚಿಕೊಂಡಿತು. ಹಿಲ್ಸ್‌ಬೊರೋ ಹತ್ತಿರ ಪೆಟ್ರೋಲ್ ಹಾಕಿಸಲು ನಿಂತಾಗ ರಸ್ತೆಯಂಚಿನ ಹೊಲದ ಮಣ್ಣು ನೋಡಿ ಕೆಳಗೆ ಕೂತುಬಿಟ್ಟೆ. ಅಪ್ಪಟ ಎರೆಮಣ್ಣು! ಹೆಂಟೆ ಒಡೆದು ಬೆರಳಲ್ಲಿ ಉಜ್ಜಿದರೆ ಅದೇ ಜಿಗುಟು, ಅದೇ ಕಪ್ಪು, ಒಣಗಿದ ಕಡೆ ಅಂಗೈ ಹೋಗುವಷ್ಟು ಬಿರುಕು. ಡಲ್ಲಾಸಿನಿಂದ ಆಸ್ಟಿನ್ ದಾಟಿ ಸ್ಯಾನ್ ಆಂಟೋನಿಯೋವರೆಗೆ ಹಬ್ಬಿರುವ ಈ ಪಟ್ಟಿಯನ್ನು ಬ್ಲ್ಯಾಕ್‌ಲ್ಯಾಂಡ್ ಪ್ರೈರಿ ಅನ್ನುತ್ತಾರೆ. ಮಣ್ಣಿನ ಶಾಸ್ತ್ರದವರು ಇದನ್ನೂ ನಮ್ಮ ರಾಣೆಬೆನ್ನೂರು, ಧಾರವಾಡದ ಎರೆಭೂಮಿಯನ್ನೂ ವರ್ಟಿಸಾಲ್ ಎಂಬ ಒಂದೇ ಜಾತಿಗೆ ಸೇರಿಸುತ್ತಾರೆ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ, ಹತ್ತಿಗೆ ಹೇಳಿ ಮಾಡಿಸಿದ ನೆಲ. ಇಲ್ಲೂ ಒಂದು ಕಾಲದಲ್ಲಿ ಎತ್ತ ನೋಡಿದರೂ ಹತ್ತಿಯೇ ಇತ್ತಂತೆ. ಬೇಲಿಯಾಚೆ ಕೊಯ್ದು ಮುಗಿದ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಹತ್ತಿಯ ತುಣುಕು ಗಾಳಿಗೆ ಅಲ್ಲಾಡುತ್ತಿತ್ತು. "ಮಾಮ, ಕಾರಿಗೆ ಮಣ್ಣು ಹತ್ತಿಸ್ಬೇಡಿ" ಎಂದ ಅಳಿಯ. ಚಪ್ಪಲಿ ಕೊಡವಿ ಕೂತೆ. ಎರೆಮಣ್ಣು ಕೊಡವಿದರೆ ಹೋಗುವಂಥದ್ದಲ್ಲ.

ಮುಂದೆ ವೆಸ್ಟ್ ಎಂಬ ಸಣ್ಣ ಊರು. ಹತ್ತೊಂಬತ್ತನೇ ಶತಮಾನದಲ್ಲಿ ಚೆಕ್ ನಾಡಿನಿಂದ ಬಂದು ನೆಲೆಸಿದವರದ್ದು. ಅವರ ಕೊಲಾಚಿ ಎಂಬ ಮೆತ್ತನೆಯ ಬನ್ನು, ನಡುವೆ ಗಸಗಸೆಯದೋ ಏಪ್ರಿಕಾಟಿನದೋ ಹೂರಣ. ಗಸಗಸೆಯದು ನನಗೆ ಹಿಡಿಸಿತು. 2013ರಲ್ಲಿ ಈ ಊರಿನ ಗೊಬ್ಬರದ ಘಟಕ ಸ್ಫೋಟಗೊಂಡು 15 ಜನ ಸತ್ತರು, ಹೆಚ್ಚಿನವರು ಬೆಂಕಿ ಆರಿಸಲು ಓಡಿ ಬಂದವರು. ಅಲ್ಲಿಂದ ಆಸ್ಟಿನ್‌ವರೆಗೆ ದುರಸ್ತಿಯ ರಸ್ತೆ, ಟ್ರಕ್ಕುಗಳ ಸಾಲು.

ಕತ್ತಲಾಗುವ ಹೊತ್ತಿಗೆ ಕಾಂಗ್ರೆಸ್ ಅವೆನ್ಯೂ ಸೇತುವೆಗೆ ತಲುಪಿದೆವು. ಸೇತುವೆಯ ಕೆಳಗಿನ ಸಂದುಗಳಲ್ಲಿ ಹದಿನೈದು ಲಕ್ಷದಷ್ಟು ಬಾವಲಿಗಳು ಬೇಸಿಗೆ ಕಳೆಯುತ್ತವೆ, ಚಳಿಗೆ ಮೆಕ್ಸಿಕೋ ಕಡೆ ಹೋಗುತ್ತವೆ. ಅವತ್ತು ಹಾರಿದ್ದು ಇನ್ನೂ ಉಳಿದಿದ್ದವು ಮಾತ್ರ ಇರಬೇಕು. ಆದರೂ ನದಿಯ ಮೇಲೆ ಹೊಗೆ ಎದ್ದಂತೆ ಕಂಡಿತು. ಸೇತುವೆ ದಾಟಿ ದಕ್ಷಿಣಕ್ಕೆ ಏರಿದರೆ ಸೌತ್ ಕಾಂಗ್ರೆಸ್ ರಸ್ತೆ. ಹಿಂತಿರುಗಿ ನೋಡಿದರೆ ನೆಟ್ಟಗೆ ಉತ್ತರದ ತುದಿಯಲ್ಲಿ ಟೆಕ್ಸಾಸ್ ವಿಧಾನಭವನದ ಗುಮ್ಮಟ, ದೀಪದಲ್ಲಿ ನಸುಗೆಂಪಾಗಿ.

1315ನೇ ನಂಬರಿನ ಕಟ್ಟಡವೇ ಕಾಂಟಿನೆಂಟಲ್ ಕ್ಲಬ್. ಹೊರಗೆ ನಿಯಾನ್ ಅಕ್ಷರ. 1955ರಲ್ಲಿ ಉಳ್ಳವರ ಸಪ್ಪರ್ ಕ್ಲಬ್ಬಾಗಿ ಶುರುವಾದದ್ದು ಒಂದು ಕಾಲಕ್ಕೆ ಕೂಲಿ ಮಾಡುವವರು ಬೆಳಬೆಳಗ್ಗೆ ಬಂದು ಕುಡಿಯುವ ಬಾರೂ ಆಗಿತ್ತು. 1987ರಲ್ಲಿ ಸ್ಟೀವ್ ವರ್ತೈಮರ್ ಇದನ್ನು ಕೈಗೆ ತೆಗೆದುಕೊಂಡ ಮೇಲೆ ಆಸ್ಟಿನ್ ಸಂಗೀತದ ಮನೆ ಬಾಗಿಲೇ ಇದಾಗಿದೆ. ಸುತ್ತ ದುಬಾರಿ ಬೂಟಿನ ಅಂಗಡಿ, ಹೋಟೆಲು ಎದ್ದಿವೆ. ಇಂಥ ರಸ್ತೆಯಲ್ಲಿ ಒಂದು ಹಾಡಿನ ಜಾಗ ಇಷ್ಟು ವರ್ಷ ಉಳಿದದ್ದೇ ದೊಡ್ಡ ಸಂಗತಿ ಎಂದು ನನಗೆ ಅನ್ನಿಸುತ್ತದೆ.

ಬಾಗಿಲಲ್ಲಿ ಹತ್ತು ಡಾಲರ್ ಕೊಟ್ಟು ಕೈಗೆ ಮುದ್ರೆ ಒತ್ತಿಸಿಕೊಂಡೆವು. ಒಳಗೆ ತಗ್ಗಿನ ಸೂರು, ಉದ್ದನೆಯ ಬಾರ್ ಕಟ್ಟೆ, ಪುಟ್ಟ ವೇದಿಕೆಯ ಹಿಂದೆ ಕೆಂಪು ಪರದೆ. ನಮ್ಮ ಕಡೆಯ ಹಳ್ಳಿಯ ಸಮುದಾಯ ಭವನ ಇದಕ್ಕಿಂತ ದೊಡ್ಡದು. ಮೊದಲು ಜಾನ್ ಡೀ ಗ್ರಹಾಂ ಹಾಡಿದ. ಟ್ರೂ ಬಿಲೀವರ್ಸ್ ತಂಡದಲ್ಲಿದ್ದವನು, ಬುಧವಾರಗಳ ಇನ್ನೊಬ್ಬ ಯಜಮಾನ. ಜಲ್ಲಿ ಅರೆದಂಥ ಗಂಟಲು. ಅವನದು ಮುಗಿದಾಗ ಅರ್ಧ ಜನ ಮನೆಗೆ ಹೋದರು, ಬೆಳಗ್ಗೆ ಕೆಲಸಕ್ಕೆ ಹೋಗುವವರು ಪಾಪ. ನಾನು ಒಂದು ಲೋನ್ ಸ್ಟಾರ್ ಬಿಯರ್ ಹಿಡಿದು ವೇದಿಕೆಯ ಅಂಚಿಗೆ ಹೋಗಿ ನಿಂತೆ.

ಹನ್ನೆರಡು ದಾಟಿ ಐದು ನಿಮಿಷಕ್ಕೆ ಟೋಪಿ, ಕನ್ನಡಕ, ನರೆತ ಗಡ್ಡದ ಮನುಷ್ಯ ಜನರ ನಡುವಿನಿಂದಲೇ ನಡೆದು ಬಂದು ವೇದಿಕೆ ಹತ್ತಿದ. ಇವನ ತಂದೆ ಲ್ಯಾರಿ ಮೆಕ್‌ಮರ್ಟ್ರಿ, 'ಲೋನ್‌ಸಮ್ ಡವ್' ಕಾದಂಬರಿಗೆ 1986ರಲ್ಲಿ ಪುಲಿಟ್ಜರ್ ಪಡೆದವರು. ತಾಯಿ ಇಂಗ್ಲಿಷ್ ಅಧ್ಯಾಪಕಿ, ಚಿಕ್ಕ ವಯಸ್ಸಿನಲ್ಲೇ ಮಗನಿಗೆ ಗಿಟಾರಿನ ಮೊದಲ ಪಾಠ ಹೇಳಿಕೊಟ್ಟವರು. ಮಗನ ಹಾಡಿನ ಟೇಪನ್ನು ಲ್ಯಾರಿ ರಾಕ್ ಗಾಯಕ ಜಾನ್ ಮೆಲೆನ್‌ಕ್ಯಾಂಪ್ ಕೈಗೆ ಮುಟ್ಟಿಸಿದರು. ಮೆಲೆನ್‌ಕ್ಯಾಂಪ್ ಮೊದಲ ಆಲ್ಬಂ ಮಾಡಿಸಿದ, ಅದು 1989ರಲ್ಲಿ ಬಂತು. ಅಷ್ಟು ದೊಡ್ಡ ಕೈಗಳು ಎತ್ತಿ ನಿಲ್ಲಿಸಿದವನು ಸುಮಾರು ಮೂರು ದಶಕದ ನಂತರವೂ ವಾರದ ನಡುವೆ, ನಡುರಾತ್ರಿ, ನೂರು ಚಿಲ್ಲರೆ ಜನರೆದುರು ತಂತಿ ಬಿಗಿಯುತ್ತ ನಿಂತಿದ್ದ. ಇದನ್ನು ಸೋಲು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಾಡು ಅಲ್ಲಿ ಕೇಳಿಸಿದಷ್ಟು ಚೆನ್ನಾಗಿ ಬೇರೆಲ್ಲೂ ಕೇಳಿಸಲಾರದು.

ನನ್ನಿಂದ ನಾಲ್ಕು ಮಾರು ದೂರ. ಅವನ ಬಲಗೈ ನೋಡುತ್ತಲೇ ಇದ್ದೆ. ಅಂಗೈಯ ಬುಡ ತಂತಿಗಳ ಮೇಲೆ ಒರಗಿ ನಾದವನ್ನು ಅದುಮಿ ಹಿಡಿಯುತ್ತಿತ್ತು, ಬೆರಳುಗಳು ಅದರ ಕೆಳಗಿನಿಂದ ಒಂದೊಂದೇ ಸ್ವರವನ್ನು ಬಿಡಿಸಿ ತೆಗೆಯುತ್ತಿದ್ದವು. ಬಾಸ್ ಗಿಟಾರಿನ ಏಟು ಮರದ ನೆಲದ ಮೂಲಕ ಪಾದಕ್ಕೆ ಬರುತ್ತಿತ್ತು. ಹಾಡುವಾಗ ಮುಖದಲ್ಲಿ ಭಾವವಿಲ್ಲ, ಕೈ ಬೀಸುವುದಿಲ್ಲ, ಜನರನ್ನು ಹುರಿದುಂಬಿಸುವುದಿಲ್ಲ. ಹರಿಕಥೆ ದಾಸರಂತೆ ಪಾತ್ರ ಬಂದಾಗ ದನಿ ಬದಲಿಸುವುದೂ ಇಲ್ಲ. ಪಂಚಾಯ್ತಿ ಕಟ್ಟೆಯ ಮೇಲೆ ಕೂತು ಊರಿನ ಸುದ್ದಿ ಹೇಳುವ ಹಿರಿಯರ ಹಾಗೆ, ಒಂದೇ ದನಿ. ಆದರೆ 'ಚಾಕ್ಟಾ ಬಿಂಗೋ' ಹಾಡಿನಲ್ಲಿ ನೆಂಟರಿಷ್ಟರೆಲ್ಲ ಒಕ್ಲಹೋಮಾದ ಮುದಿ ಚಿಕ್ಕಪ್ಪನ ಮನೆಗೆ ಕಾರು ಹತ್ತಿ ಬರುವಾಗ ಒಬ್ಬೊಬ್ಬರ ನಡೆ ನುಡಿ, ಕಳ್ಳತನ, ಹಸಿವು ಎಲ್ಲ ಕಣ್ಣಿಗೆ ಕಟ್ಟುತ್ತದೆ. ಬಾರಿನ ಮಧ್ಯೆ ವಯಸ್ಸಾದ ದಂಪತಿ ಕುಣಿಯುತ್ತಿದ್ದರು. ಅಳಿಯನೂ ಕಾಲು ಕುಣಿಸುತ್ತಿದ್ದ, ಫೋನ್ ಜೇಬಿನಲ್ಲಿತ್ತು.

ನಾನು ಕಾದಿದ್ದ ಹಾಡು ಯಾವ ಮುನ್ನುಡಿಯೂ ಇಲ್ಲದೆ ಬಂತು. ಗಿಟಾರ್ ಒಂದೇ ಜಾಗದಲ್ಲಿ ಮೊರೆಯತೊಡಗಿತು, ನಮ್ಮ ಮಿಲ್ಲಿನ ಗೋಡೆಗೆ ಕಿವಿ ಇಟ್ಟರೆ ಬರುತ್ತಿದ್ದ ಸದ್ದಿನ ಹಾಗೆ. ಬಾರ್ ಕಟ್ಟೆಯ ಕಡೆ ನಡೆಯುತ್ತಿದ್ದ ಮಾತು ನಿಂತಿತು. ನನ್ನ ಪಕ್ಕದಲ್ಲಿ ಕೆಲಸದ ಬೂಟು ಹಾಕಿಕೊಂಡ ಒಬ್ಬ ಎತ್ತರದ ಮನುಷ್ಯ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಹಾಡಿಗೆ ಆಗಲೇ ಹದಿನಾಲ್ಕು ವರ್ಷ. ಕನಿಷ್ಠ ಕೂಲಿ 7.25 ಡಾಲರಿಗೆ ಬಂದು ನಿಂತುಬಿಟ್ಟಿತ್ತು. ಸಾಲುಸಾಲಾಗಿ ಅವನು ಹೇಳುತ್ತ ಹೋದ, ದನಿ ಏರಿಸಲಿಲ್ಲ. ಬಟ್ಟೆ ಮಿಲ್ಲಿನ ಮಾತು ಬಂದಾಗ ನನಗೆ ಅಪ್ಪನ ಹುಬ್ಬು ಕಂಡಿತು. ಬಿಚ್ಚದ ಬುತ್ತಿಯ ಗಂಟು ಕಂಡಿತು. ಅತ್ತುಬಿಟ್ಟೆ. ಅಳಿಯ ನೋಡಿದ, ಏನೂ ಕೇಳಲಿಲ್ಲ, ಭುಜದ ಮೇಲೆ ಕೈ ಇಟ್ಟ.

ಟೆಕ್ಸಾಸಿನ ಬಾರುಗಳಲ್ಲಿ ಎರಡು ಗಂಟೆಗೆ ಮದ್ಯ ಬಂದ್. ಅದಕ್ಕೆ ಮೊದಲೇ ಹಾಡು ಮುಗಿದಿತ್ತು. ತಂಡಕ್ಕೆಂದು ಒಂದು ಬಕೆಟ್ ಸುತ್ತಿ ಬಂತು, ಇಬ್ಬರೂ ಹಾಕಿದೆವು. ಅವನು ವೇದಿಕೆಯ ಮೇಲೆ ಬಗ್ಗಿ ತನ್ನ ಕೇಬಲ್ ತಾನೇ ಸುತ್ತುತ್ತಿದ್ದ. ಹನ್ನೆರಡು ವರ್ಷದಿಂದ ಜೋಡಿಸಿಟ್ಟುಕೊಂಡ ಮಾತುಗಳಿದ್ದವು. ಆ ಹೊತ್ತಿಗೆ ಹೇಳಬೇಕೆನ್ನಿಸಲಿಲ್ಲ. ದುಡಿದು ದಣಿದವನನ್ನು ನಿಲ್ಲಿಸಿ ಮಾತಾಡಿಸುವುದು ಸರಿಯಲ್ಲವೆಂದು ದೂರದಿಂದಲೇ ಕೈ ಮುಗಿದು ಹೊರಗೆ ಬಂದೆ.

ಫುಟ್‌ಪಾತಿನಲ್ಲಿ ನಿಂತು ದಾವಣಗೆರೆಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ ಹನ್ನೆರಡೂಕಾಲು. "ಇಷ್ಟೊತ್ತಿನಾಗ ಯಾಕೋ ಎದ್ದೀಯ? ಊಟ ಆತಾ?" ಎಂದರು ಅಪ್ಪ. ಎಲ್ಲಿದ್ದೇನೆ, ಏನು ಕೇಳಿದೆ ಎಂದು ಹೇಳಿದೆ. ಹಾಡಿನ ಸಾರ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಆ ಮಿಲ್ಲಿನೋರಿಗೆ ಗ್ರಾಚ್ಯುಟಿ ಬಂತಂತೇನಪಾ?"

"ಹಾಡಿನಾಗ ಅದು ಬರಲ್ಲ ಅಪ್ಪಾಜಿ."

"ಬಂದಿರಲಿಕ್ಕಿಲ್ಲ ತಗ" ಎಂದರು.

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ನಮ್ಮವರು ಬಹಳ ಮಂದಿ ಇದ್ದೀರಿ. ಊರಿನಿಂದ ಬಂದವರಿಗೆ ನಾಸಾ ತೋರಿಸುತ್ತೀರಿ, ಮಾಲ್ ತೋರಿಸುತ್ತೀರಿ. ಒಂದು ರಾತ್ರಿ ಇಂಥ ಜಾಗಕ್ಕೂ ಕರೆದುಕೊಂಡು ಹೋಗಿ. ವೇದಿಕೆಯ ಹತ್ತಿರ ನಿಲ್ಲಿ, ಫೋನು ಜೇಬಿನಲ್ಲಿರಲಿ. ಬಕೆಟ್ ಬಂದಾಗ ಕೈ ಬಿಗಿ ಹಿಡಿಯಬೇಡಿ, ಆ ದುಡ್ಡು ನೇರ ಹಾಡಿದವರ ಕೈಗೇ ಹೋಗುತ್ತದೆ.