ಬೇರೆಯವರ ಹೆಸರಿನ ಕಾಗದ

ಹೊಸಪೇಟೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಸಂಡೂರಿನ ಗುತ್ತಿಗೆದಾರರಿಂದ ಹಳೆಯ ಕಾರೊಂದನ್ನು ಕೊಂಡರು. ಎಷ್ಟು ತೊಳೆದರೂ ಬಾಗಿಲ ಸಂದಿಗಳಲ್ಲಿ ಅದಿರಿನ ಕೆಂಧೂಳು ಉಳಿದೇ ಇತ್ತು. ಆರ್.ಟಿ.ಓ. ಕಛೇರಿಯಲ್ಲಿ ನೋಂದಣಿಯ ಹೆಸರು ಬದಲಾಯಿತು. ಸರಕಾರಿ ಕಂಪನಿಯ ವಿಮಾಪತ್ರದಲ್ಲಿ ಮಾತ್ರ ಗುತ್ತಿಗೆದಾರರ ಹೆಸರೇ ನಿಂತಿತು. ನಿಧಾನವಾಗಿ ಮಾಡಿಸಿದರಾಯಿತೆಂದು ಮೇಷ್ಟರು ಅದನ್ನು ಮಡಿಸಿಟ್ಟರು. ಜೀವಮಾನವಿಡೀ ಹುಡುಗರ ಹಾಜರಿಯನ್ನು ತಪ್ಪದೆ ಬರೆದವರಿಗೆ ಈ ಅಲಕ್ಷ್ಯ ಎಲ್ಲಿಂದ ಬಂದಿತೋ!

ಮೂರನೆಯ ತಿಂಗಳಲ್ಲಿ, ಮೊಮ್ಮಕ್ಕಳಿಗೆ ಹಂಪಿಯನ್ನು ತೋರಿಸಿ ಮರಳುವಾಗ, ಕಮಲಾಪುರದ ಬಳಿ ಸೈಕಲ್ ಸವಾರನೊಬ್ಬ ಕಾರಿಗೆ ಸಿಕ್ಕಿ ಬಿದ್ದ. ಕಾಲಿನ ಮೂಳೆ ಮುರಿದಿತ್ತು. ಕಂಪ್ಲಿಯ ಗದ್ದೆಗಳಿಗೆ ಕೂಲಿಗೆ ಹೋಗುವ ಆಳು; ನಾಟಿಯ ಕಾಲ. ಆಸ್ಪತ್ರೆಯಲ್ಲಿ ಅವನ ಹೆಂಡತಿ ಒಂದೇ ಮಾತು ಕೇಳಿದಳು: "ಇನ್ನ ಮನಿ ನಡಸೋರು ಯಾರ್ರೀ?"

ಆ ರಾತ್ರಿ ಮೇಷ್ಟರು ಮಡಿಸಿಟ್ಟ ಕಾಗದವನ್ನು ಬಿಡಿಸಿ ಕುಳಿತರು. ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ವಕೀಲರ ಮನೆ ಸೇರಿದರು.

"ಸಂಬಳದಲ್ಲಿ ಅಷ್ಟು ವರ್ಷ ಕೆ.ಜಿ.ಐ.ಡಿ. ಕಂತು ಕಟ್ಟಿದ್ದೇನೆ. ಅವರಾದರೂ ಕಾರಿಗೆ ಆಗುವುದಿಲ್ಲವೇ?"

ವಕೀಲರಿಗೆ ನಗು ಬಂದಿತು. 1891ರಲ್ಲಿ ಮೈಸೂರು ಸಂಸ್ಥಾನದ ನೌಕರರ ಜೀವವಿಮೆಗೆಂದು ಹುಟ್ಟಿದ ಆ ಇಲಾಖೆ ಮೋಟಾರು ವಿಮೆಯನ್ನೂ ಮಾಡುವುದುಂಟು; ಆದರೆ ಅದು ಸರಕಾರದ ವಾಹನಗಳಿಗೆ. ತಹಸೀಲ್ದಾರರ ಜೀಪಿಗೆ ದೊರೆಯುವ ಆಸರೆ ಮೇಷ್ಟರ ಕಾರಿಗೆ ಇಲ್ಲ. ಖಾಸಗಿ ಕಾರಿನವರು ಕಂಪನಿಗಳ ಬಳಿಗೇ ಹೋಗಬೇಕು. ಸಾಮಾನ್ಯ ವಿಮೆ 1973ರಲ್ಲಿ ರಾಷ್ಟ್ರೀಕರಣಗೊಂಡು ನಾಲ್ಕು ಸರಕಾರಿ ಕಂಪನಿಗಳ ಪಾಲಾಗಿತ್ತು. ಈಗ ಖಾಸಗಿಯವರೂ ಇದ್ದಾರೆ.

"ಹೆಸರು ನನ್ನದಲ್ಲವಲ್ಲ!"

"ಅದಕ್ಕೆ ಹೆದರಬೇಡಿ. 1988ರ ಮೋಟಾರು ವಾಹನ ಕಾಯಿದೆಯ 157ನೆಯ ಕಲಮಿನಂತೆ, ಕಾರು ಕೈ ಬದಲಾದೊಡನೆ ವಿಮೆಯೂ ಕೊಂಡವನಿಗೆ ವರ್ಗವಾಯಿತೆಂದೇ ಲೆಕ್ಕ. 14 ದಿನಗಳೊಳಗೆ ತಿಳಿಸಬೇಕಾಗಿತ್ತು. ತಿಳಿಸಲಿಲ್ಲವೆಂದು ಗಾಯಗೊಂಡವನ ಹಕ್ಕು ಹೋಗುವುದಿಲ್ಲ. ಅವನು ನ್ಯಾಯಮಂಡಳಿಗೆ ಅರ್ಜಿ ಹಾಕಲಿ. ನಿಮ್ಮ ಕಾರಿನ ರಿಪೇರಿಯನ್ನು ಮಾತ್ರ ಮರೆತುಬಿಡಿ. ಆ ಭಾಗಕ್ಕೆ ಈ ಕೃಪೆಯಿಲ್ಲ."

ಮೂರನೆಯವರಿಗಾಗುವ ನಷ್ಟಕ್ಕೆ ವಿಮೆ ಕಡ್ಡಾಯವೆಂದು ಕಾನೂನು ಹೇಳಿದುದೇ ದಾರಿಹೋಕನ ಸಲುವಾಗಿ. ಕಂತು ಕಟ್ಟುವವರಲ್ಲಿ ಎಷ್ಟು ಜನರಿಗೆ ಇದು ಹೊಳೆದಿದೆಯೋ!

ಒಂದು ತೊಡಕು ಉಳಿದಿತ್ತು. ತಪ್ಪು ಯಾರದೆಂಬ ಪ್ರಶ್ನೆ ಏಳುವುದಿತ್ತು. ಸೈಕಲ್ಲೇ ಅಡ್ಡ ಬಂದಿತೆಂದು ಹೇಳಿಬಿಡಿರೆಂದು ಅಳಿಯ ಪಿಸುಗುಟ್ಟಿದ. ಮೇಷ್ಟರು ಪೊಲೀಸ್ ಠಾಣೆಯಲ್ಲಿ ಇದ್ದುದನ್ನೇ ಹೇಳಿದರು: ಮೊಮ್ಮಗನಿಗೆ ದೂರದ ಗೋಪುರವನ್ನು ತೋರಿಸುತ್ತ ಒಂದು ಕೈ ಬಿಟ್ಟಿದ್ದರು. ಅಳಿಯ ಎರಡು ದಿನ ಮಾತಾಡಲಿಲ್ಲ.

ಪೊಲೀಸರ ವರದಿಯ ಪ್ರತಿಯನ್ನೂ ವಿಮಾಪತ್ರದ ನಕಲನ್ನೂ ಹಿಡಿದು ಮೇಷ್ಟರು ಗಾಯಾಳುವಿನ ಮನೆಗೆ ಹೋದಾಗ ಹೆಂಡತಿ ನಾಟಿಗೆ ಹೋಗಿದ್ದಳು. ಪಟ್ಟಿ ಕಟ್ಟಿದ ಕಾಲನ್ನು ಚಾಚಿ ಮಲಗಿದ್ದವನು ಏಳಲು ಹವಣಿಸಿ ಕೇಳಿದ:

"ಮೇಷ್ಟ್ರೇ, ನಿಮ್ಮ ಕಾರು ಸರಿಯಾತೇನ್ರೀ?"