ಅಕ್ಕನ ಹಿತ್ತಲಿನ ಮಜ್ಜಿಗೆ ಹುಲ್ಲು

ಕಳೆದ ಜ್ಯೇಷ್ಠದಲ್ಲಿ ಜತ್ತದಿಂದ ಸೊಲ್ಲಾಪುರ ಮಾರ್ಗವಾಗಿ ಅಕ್ಕಲಕೋಟೆ ತಾಲೂಕಿನ ನಮ್ಮ ಅಕ್ಕನ ಊರಿಗೆ ಹೋಗಿದ್ದೆನು. ದಾರಿಯ ಇಕ್ಕೆಲದ ಎರೆಹೊಲಗಳು ಹರಗಿಸಿಕೊಂಡು ಮಳೆಗೆ ಕಾದಿದ್ದವು. ಅಕ್ಕನ ಹಿತ್ತಲಿನಲ್ಲಿ ಮಾತ್ರ, ಬಚ್ಚಲ ನೀರು ಹರಿಯುವೆಡೆ, ನಡುವೆತ್ತರದ ಮಜ್ಜಿಗೆ ಹುಲ್ಲು ಹಸಿರಾಗಿ ನಿಂತಿತ್ತು. ಮರಾಠಿಯಲ್ಲಿ ಇದನ್ನು ಗವತಿ ಚಹಾ ಎನ್ನುವರು. ನಮ್ಮ ಕನ್ನಡ ಶಾಲೆಯ ಮಕ್ಕಳಿಗೂ ಈಗ ಆ ಹೆಸರೊಂದೇ ಗೊತ್ತು.

ಈ ಹುಲ್ಲು ಹೂ ಬಿಡುವುದು ಅಪರೂಪ, ಬೀಜವನ್ನು ನಂಬುವಂತಿಲ್ಲ. ಬೇರುಸಹಿತ ಬುಡ ಸೀಳಿ ನೆಡಬೇಕು. ಆದುದರಿಂದ ಅದು ಮನೆಯಿಂದ ಮನೆಗೆ ಕೈಯಿಂದಲೇ ಸಾಗುತ್ತದೆ. ಅಕ್ಕನದು ನಮ್ಮ ತಾಯಿಯವರು ಕೊಟ್ಟದ್ದು. 1972ರ ಬರದಲ್ಲಿ ಅವರು ಪಾತ್ರೆ ತೊಳೆದ ನೀರನ್ನೇ ಎರೆದು ಮೂಲ ಬುಡವನ್ನು ಉಳಿಸಿದ್ದನ್ನು ಅಕ್ಕ ನೆನೆದಳು.

ಗೇಣುದ್ದ ಬುಡ ಬಿಟ್ಟು ಗರಿ ಕೊಯ್ದಳು. (ಅಂಚು ಬಲು ಹರಿತ, ನನ್ನ ಬೆರಳೂ ಕೊಯ್ಯಿತು.) ಬಿಸಿಲಿಗಿಟ್ಟರೆ ಪರಿಮಳದ ಎಣ್ಣೆ ಹಾರಿಹೋಗುವುದು. ಪಡಸಾಲೆಯ ನೆರಳಿನಲ್ಲಿ ಹರಡಿ, ಮುರಿದರೆ ಚಟ್ಟೆನ್ನುವಂತೆ ಒಣಗಿದ ಮೇಲೆ ಡಬ್ಬಿಗೆ ತುಂಬಬೇಕು. ಸಂಜೆ ಶುಂಠಿಯೊಡನೆ ಕುದಿಸಿದ ಚಹಾ ಕೊಟ್ಟಳು: ನಿಂಬೆಯ ಪರಿಮಳವುಂಟು, ಹುಳಿಯಿಲ್ಲವಾಗಿ ಹಾಲು ಒಡೆಯದು.

ಅಕ್ಕ ಮಗನ ಬಳಿ ಪುಣೆಗೆ ಹೊರಟವಳು. "ಇನ್ನ ಮುಂದ ನೀರು ಹಾಕವರಿಲ್ಲೋ ತಮ್ಮಾ, ನಾಕು ಬುಡ ಒಯ್ಯಿ" ಎಂದಳು. ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ತಂದು, ಶಾಲೆಯ ನೀರಿನ ತೊಟ್ಟಿಯ ಬಳಿ ಒಂದೂವರೆ ಅಡಿಗೊಂದರಂತೆ ನೆಟ್ಟೆನು. ಮೂರು ಚಿಗುರಿವೆ. ಪಕ್ಕದ ಹಲಗೆಯ ಮೇಲೆ ಮಕ್ಕಳಿಂದ ಎರಡೂ ಹೆಸರು ಬರೆಯಿಸಿದ್ದೇನೆ, ಕನ್ನಡದ್ದು ಮೊದಲು.