ಕೊಚ್ಚಿಯ ಖಾಲಿ ಗೋರಿಯಿಂದ ಲಿಸ್ಬನ್‌ಗೆ

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯಿಂದ ಕೊಚ್ಚಿಗೆ ಟೂರ್ ಹೋಗಿದ್ದೆವು. ಕುಂಬಳೆ ಕಡೆಯ ಕನ್ನಡ ಮೀಡಿಯಂ ಶಾಲೆ ನಮ್ಮದು. ಫೋರ್ಟ್ ಕೊಚ್ಚಿಯ ಸೈಂಟ್ ಫ್ರಾನ್ಸಿಸ್ ಚರ್ಚಿನ ಒಳಗೆ ನೆಲದಲ್ಲಿ ಒಂದು ಕಲ್ಲು, ಸುತ್ತ ಕಂಬಿ. "ಇದು ವಾಸ್ಕೋ ಡ ಗಾಮನನ್ನು ಹೂಳಿದ ಜಾಗ. ಆದರೆ ಈಗ ಒಳಗೆ ಏನೂ ಇಲ್ಲ" ಎಂದರು ಮಾಷ್ಟ್ರು. 1524ರಲ್ಲಿ ಅವನು ಕೊಚ್ಚಿಯಲ್ಲೇ ತೀರಿಹೋದ. ಹದಿನಾಲ್ಕು ಹದಿನೈದು ವರ್ಷ ಕಳೆದ ಮೇಲೆ ಎಲುಬುಗಳನ್ನು ಪೋರ್ಚುಗಲ್‌ಗೆ ಕೊಂಡುಹೋದರು. ಪಕ್ಕದಲ್ಲಿ ನಿಂತಿದ್ದ ಗೆಳೆಯ ನನ್ನ ಕಿವಿಯಲ್ಲಿ ಹೇಳಿದ: "ಖಾಲಿ ಗೋರಿ ನೋಡಲಿಕ್ಕೆ ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದದ್ದಾ ಮಾರಾಯ? ದೊಡ್ಡ ಆದ ಮೇಲೆ ಇನ್ನೊಂದನ್ನು ನೋಡುವ."

ಆ ಇನ್ನೊಂದನ್ನು ನೋಡಿದ್ದು ಇಪ್ಪತ್ತಮೂರು ವರ್ಷಗಳ ಮೇಲೆ, ಹೋದ ಅಕ್ಟೋಬರಿನಲ್ಲಿ.

ನಾವಿಬ್ಬರೂ ಒಂದೇ ಬೆಂಚಿನವರು. ಅವನು ಬೇಳ ಕಡೆಯ ಕೊಂಕಣಿ ಕೆಥೊಲಿಕ, ನಾನು ಬ್ಯಾರಿ. ನಾನು ಅವನನ್ನು "ಪೊರ್ಬು" ಎನ್ನುತ್ತೇನೆ, ಅವನು ನನ್ನನ್ನು "ಬ್ಯಾರಿ" ಎನ್ನುತ್ತಾನೆ. ಬೇರೆ ಯಾರಾದರೂ ಅದೇ ರಾಗದಲ್ಲಿ ಕರೆದರೆ ಇಬ್ಬರಿಗೂ ಸಿಟ್ಟು ಬರುತ್ತದೆ. ಈಗ ಅವನು ಡಬ್ಲಿನ್‌ನಲ್ಲಿ ನರ್ಸ್. ನಾನು ಜರ್ಮನಿಯಲ್ಲಿ, ಫ್ರಾಂಕ್‌ಫರ್ಟ್ ಹತ್ತಿರ ಕೆಲಸಕ್ಕಿದ್ದೇನೆ. ವಿಮಾನದಲ್ಲಿ ಎರಡು ಗಂಟೆಯ ದೂರ. ಆದರೂ ಎರಡು ವರ್ಷ ನಮ್ಮಲ್ಲಿ ಮಾತಿರಲಿಲ್ಲ.

ಕಾರಣ ಹೇಳಲು ನಾಚಿಕೆಯಾಗುತ್ತದೆ. ಹಳೇ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಯಾರೋ ಟಿಪ್ಪುವಿನ ಬಗ್ಗೆ ಒಂದು ಫಾರ್ವರ್ಡ್ ಹಾಕಿದರು. 1784ರಲ್ಲಿ ಟಿಪ್ಪು ಕರಾವಳಿಯ ಕೆಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು, ದಾರಿಯಲ್ಲಿ ಸತ್ತವರು, ಊರಿಗೆ ಮರಳಲು 1799ರವರೆಗೆ ಕಾದವರು, ಇದು ಅವನ ಮನೆಯಲ್ಲಿ ಅಜ್ಜಿ ಹೇಳುತ್ತಿದ್ದ ಕಥೆ. ಅವನು ಅದನ್ನೇ ಬರೆದ. ಕೊನೆಗೆ "ನಿಮ್ಮ ಟಿಪ್ಪು" ಎಂದೂ ಬರೆದ. ನಾನು ಸುಮ್ಮನಿರಬಹುದಿತ್ತು. ಬದಲಿಗೆ, ಅದೆಲ್ಲ ಇಂಗ್ಲಿಷರು ಕಟ್ಟಿದ ಕಥೆ, ನಿಮ್ಮ ಪರಂಗಿಗಳು ನಮ್ಮ ಕಡಲಿನಲ್ಲಿ ಏನು ಮಾಡಿದರೆಂದು ಮೊದಲು ಓದು ಎಂದು ಬರೆದೆ. ಅವನು ಗುಂಪು ಬಿಟ್ಟ. ಆ ವರ್ಷ ನನ್ನ ಮಗಳು ಹುಟ್ಟಿದಾಗ ಅವನ ಫೋನ್ ಬರಲಿಲ್ಲ. ಅವನ ಅಪ್ಪ ತೀರಿಹೋದ ಸುದ್ದಿ ನನಗೆ ಉಮ್ಮನಿಂದ ತಿಳಿಯಿತು.

ಹೋದ ಆಗಸ್ಟಿನಲ್ಲಿ ಒಂದು ರಾತ್ರಿ ಅವನ ಮೆಸೇಜ್ ಬಂತು: "ಐರ್ಲೆಂಡಿನ ಪಾಸ್‌ಪೋರ್ಟ್ ಸಿಕ್ಕಿತು. ಇನ್ನು ವೀಸಾದ ತಲೆಬಿಸಿ ಇಲ್ಲ. ಕೊಚ್ಚಿಯ ಗೋರಿ ನೆನಪುಂಟಾ?" ಬೇರೇನೂ ಇರಲಿಲ್ಲ. ನಾನು "ಉಂಟು" ಎಂದು ಬರೆದು, ಶುಕ್ರವಾರ ಸಂಜೆ ಹೋಗಿ ಭಾನುವಾರ ರಾತ್ರಿ ಬರುವ ಟಿಕೆಟ್ ಹುಡುಕಿದೆ.

ಶುಕ್ರವಾರ ರಾತ್ರಿ ಲಿಸ್ಬನ್ ವಿಮಾನ ನಿಲ್ದಾಣದಲ್ಲಿ ಅವನು ಅರ್ಧ ಗಂಟೆ ಮೊದಲೇ ಬಂದು ಕಾಯುತ್ತಿದ್ದ. ತಲೆಯಲ್ಲಿ ಕೂದಲು ಕಡಿಮೆಯಾಗಿತ್ತು. "ಹೊಟ್ಟೆ ಬಂದಿದೆ ಬ್ಯಾರಿ" ಎಂದ. ಅಷ್ಟರಲ್ಲಿ ಮುಗಿಯಿತೆಂದು ನಾನು ತಿಳಿದೆ. ಮುಗಿದಿರಲಿಲ್ಲ. ಶನಿವಾರವಿಡೀ ಇಬ್ಬರೂ ಆ ವಿಷಯವನ್ನು ಸುತ್ತುಹಾಕಿಕೊಂಡೇ ನಡೆದೆವು.

ಲಿಸ್ಬನ್ ನಡೆದು ನೋಡುವ ಊರು, ಆದರೆ ಮೊಣಕಾಲು ಗಟ್ಟಿ ಬೇಕು. ಎಲ್ಲ ಕಡೆ ಏರು, ಮೆಟ್ಟಿಲು, ಕಾಲು ಜಾರುವ ಬಿಳಿ ಕಲ್ಲಿನ ಹಾಸು. 28ನೇ ನಂಬರಿನ ಹಳದಿ ಟ್ರಾಮಿಗೆ ಇದ್ದ ಕ್ಯೂ ನೋಡಿ ನಡೆಯುವುದೇ ಲೇಸು ಎನಿಸಿತು. ಗೋಡೆಗಳಿಗೆ ನೀಲಿ ಬಿಳಿ ಟೈಲ್ಸ್, ಮಾಡಿಗೆ ಕೆಂಪು ಹಂಚು, ಕಿಟಕಿಗಳಲ್ಲಿ ಒಣಗಲು ಹಾಕಿದ ಬಟ್ಟೆ. ಬೋರ್ಡುಗಳನ್ನು ಓದುತ್ತ ಅವನಿಗೆ ಖುಷಿ. 'ಇಗ್ರೆಜಾ' ಅವನ ಇಗರ್ಜಿ. 'ಜನೆಲ' ನಮ್ಮ ಕಾಸರಗೋಡಿನ ಮಲಯಾಳದ ಜನಲ್. 'ಶಾವ್' ಎಂದರೆ ಚಾವಿ. ಬೀಗದ ಕೈ ಕೊಟ್ಟ ರೂಮಿನ ಹೆಂಗಸಿಗೆ ಅದನ್ನು ವಿವರಿಸಲು ಹೋಗಿ ಇಬ್ಬರೂ ಸೋತೆವು.

ಒಂದು ಬೇಕರಿಯ ಗಾಜಿನ ಹಿಂದೆ ಹಳದಿ ಎಳೆ ಎಳೆಯಾದ ಸಿಹಿ ಕಂಡು ನಾನು ನಿಂತುಬಿಟ್ಟೆ. ಮುಟ್ಟಮಾಲ! ಮೊಟ್ಟೆಯ ಹಳದಿಯನ್ನು ಸಣ್ಣ ತೂತಿನಿಂದ ಕುದಿಯುವ ಸಕ್ಕರೆ ಪಾಕಕ್ಕೆ ಇಳಿಸಿ ಮಾಡುವ, ನಮ್ಮ ಕಡೆ ಹೊಸ ಅಳಿಯನ ಮುಂದೆ ಇಡುವ ಅದೇ ತಿಂಡಿ. ಇಲ್ಲಿ ಅದರ ಹೆಸರು 'ಫಿಯೋಸ್ ದೆ ಓವೋಸ್', ಮೊಟ್ಟೆಯ ನೂಲು. ಫೋಟೋ ತೆಗೆದು ಉಮ್ಮನಿಗೆ ಕಳಿಸಿದೆ. ಉಮ್ಮನ ವಾಯ್ಸ್ ಮೆಸೇಜ್ ಕೂಡಲೇ ಬಂತು: "ಅವರಿಗೆ ಇದನ್ನು ಯಾರು ಕಲಿಸಿದ್ದು ಮೋನೆ?" ಪೊರ್ಬು ಅದನ್ನು ಎರಡು ಸಲ ಹಾಕಿಸಿ ಕೇಳಿ ನಕ್ಕ. ಎರಡು ವರ್ಷದಲ್ಲಿ ಅವನ ನಗು ಕೇಳಿದ್ದು ಅದೇ ಮೊದಲು.

ಮಧ್ಯಾಹ್ನ ಊಟಕ್ಕೆ ಬೂತಾಯಿ. ಮಸಾಲೆ ಇಲ್ಲ, ಬರೀ ಹರಳುಪ್ಪು ಹಾಕಿ ಕೆಂಡದಲ್ಲಿ ಸುಟ್ಟದ್ದು, ಜೊತೆಗೆ ಬೇಯಿಸಿದ ಬಟಾಟೆ. ಮೆನುವಿನಲ್ಲಿ ಯಾವುದರಲ್ಲಿ ಹಂದಿ ಇದೆ, ಯಾವುದರಲ್ಲಿ ಇಲ್ಲ ಎಂದು ನಾನು ಕೇಳುವ ಮೊದಲೇ ಅವನು ಕೇಳಿ ಬಂದಿದ್ದ. ಮೆಣಸಿನ ಹುಡಿ ಇಲ್ಲದ ಬೂತಾಯಿ ಎಂತ ಬೂತಾಯಿ ಎಂದು ನಾನು ಗೊಣಗಿದೆ. "ಮೆಣಸು ತಂದುಕೊಟ್ಟದ್ದೇ ಇವರು" ಎಂದ. ನಿಜ. ಒಣಮೆಣಸು, ಗೇರುಬೀಜ, ಪರಂಗಿಹಣ್ಣು, ಅನಾನಸು ಎಲ್ಲ ಅಮೆರಿಕಾ ಖಂಡದಿಂದ ಇವರ ಕಾಲದಲ್ಲಿ ಬಂದವು. ಇವರು ಹುಡುಕಿಕೊಂಡು ಬಂದದ್ದು ಮಾತ್ರ ನಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬುವ ಒಳ್ಳೆಮೆಣಸನ್ನು.

ಸಂಜೆ ಮೊರಾರಿಯಾ ಎಂಬ ಕೇರಿಗೆ ಹೋದೆವು. 1147ರಲ್ಲಿ ಈ ಊರನ್ನು ಮುಸ್ಲಿಮರ ಕೈಯಿಂದ ಗೆದ್ದ ಮೇಲೆ, ಉಳಿದ ಮುಸ್ಲಿಮರಿಗೆ ಬಿಟ್ಟುಕೊಟ್ಟ ಕೇರಿ ಅದು. ದೊರೆ ಮನುಯೆಲ್ 1496ರಲ್ಲಿ ಅವರನ್ನೂ ಯೆಹೂದಿಗಳನ್ನೂ ದೇಶದಿಂದ ಹೊರಹಾಕಲು ಆಜ್ಞೆ ಹೊರಡಿಸಿದ. ಮರುವರ್ಷ ಗಾಮನನ್ನು ನಮ್ಮ ಕಡೆಗೆ ಕಳಿಸಿದವನೂ ಅದೇ ದೊರೆ. ಈಗ ಅಲ್ಲಿಯ ಬೆನ್‌ಫೊರ್ಮೋಸೊ ಬೀದಿಯ ತುಂಬ ಬಾಂಗ್ಲಾದೇಶದವರ ಅಂಗಡಿಗಳು. ನಮಾಝಿಗೆ ಜಾಗವಿದೆ. ನಾನು ಮಗ್ರಿಬ್ ಮುಗಿಸಿ ಬರುವವರೆಗೆ ಅವನು ನನ್ನ ಬ್ಯಾಗ್ ಹಿಡಿದುಕೊಂಡು ಹೊರಗೆ ಚಾ ಕುಡಿಯುತ್ತ ನಿಂತಿದ್ದ. ಶಾಲೆಯಲ್ಲಿದ್ದಾಗ ಶುಕ್ರವಾರ ಜುಮಾ ಮುಗಿಯುವ ತನಕ ಪಳ್ಳಿಯ ಗೇಟಿನ ಹೊರಗೆ ಸೈಕಲ್ ಹಿಡಿದು ನಿಲ್ಲುತ್ತಿದ್ದವನು ಅವನೇ. ಆಗ ಕಡಲೆ ತಿನ್ನುತ್ತಿದ್ದ.

ಹಿಂದೆ ಬರುವ ದಾರಿಯಲ್ಲಿ ಸಾವೊ ದೊಮಿಂಗೊಸ್ ಚರ್ಚು. ಅದರ ಎದುರಿನ ಚೌಕದಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ. 1506ರಲ್ಲಿ ಇಲ್ಲಿ ಶುರುವಾದ ದೊಂಬಿಯಲ್ಲಿ ಕೊಲೆಯಾದ ಯೆಹೂದಿಗಳ ನೆನಪಿಗೆ. ಅವರು ಬಲವಂತದಿಂದ ಕ್ರೈಸ್ತರಾಗಿದ್ದವರು. ಪೊರ್ಬು ಅಲ್ಲಿ ತುಂಬ ಹೊತ್ತು ನಿಂತ. ಏನೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಟ್ರಾಮ್ ಹಿಡಿದು ಬೆಲೆಂಗೆ ಹೋದೆವು. ಹೊಳೆಯ ದಡ, ಹಡಗುಗಳು ಹೊರಟ ಜಾಗ. ಜೆರೊನಿಮೊಸ್ ಮಠವನ್ನು ಮನುಯೆಲ್ ದೊರೆ ಕಟ್ಟಿಸಲು ತೊಡಗಿದ್ದು ಗಾಮ ಮರಳಿ ಬಂದ ಮೇಲೆ. ಪೂರ್ವದಿಂದ ಬರುವ ಸಾಂಬಾರ ಸರಕಿನ ವ್ಯಾಪಾರದ ಮೇಲೆ ಹಾಕಿದ ತೆರಿಗೆಯ ಹಣ ಅದರ ಕಲ್ಲುಕಲ್ಲಿನಲ್ಲೂ ಇದೆ. ಕಂಬಗಳಲ್ಲಿ ಹಗ್ಗ, ಬಳ್ಳಿ, ಕಡಲಿನ ವಸ್ತುಗಳ ಕೆತ್ತನೆ. ಚಂದ ಇದೆ. ಚಂದ ಇಲ್ಲ ಎಂದರೆ ಸುಳ್ಳಾಗುತ್ತದೆ.

ಅವನು ಪೂಜೆಗೆ ಮುಂದೆ ಹೋಗಿ ಕೂತ. ನಾನು ಹಿಂದಿನ ಬೆಂಚಿನಲ್ಲಿ. ಪೂಜೆ ಮುಗಿದು ಜನ ಕರಗಿದ ಮೇಲೆ ಬಾಗಿಲ ಹತ್ತಿರದ ಗೋರಿಯ ಬಳಿಗೆ ಬಂದೆವು. ಬಿಳಿ ಕಲ್ಲಿನ ಗಾಮ ಮೇಲೆ ಮಲಗಿದ್ದಾನೆ, ಎರಡು ಕೈ ಜೋಡಿಸಿ ಪ್ರಾರ್ಥನೆಯಲ್ಲಿ. ಬದಿಯಲ್ಲಿ ಹಡಗಿನ ಕೆತ್ತನೆ. ಎದುರು ಬದಿಯಲ್ಲಿ ಅವನನ್ನು ಹಾಡಿಹೊಗಳಿದ ಕವಿ ಕಮೋಯೆಂಸ್‌ನ ಗೋರಿ.

ಆ ಜೋಡಿಸಿದ ಕೈ ನೋಡಿ ನನಗೆ ತಡೆಯಲಾಗಲಿಲ್ಲ. ಕನ್ನಡದಲ್ಲಿ ಮೆಲ್ಲಗೆ ಹೇಳತೊಡಗಿದೆ. 1502ರಲ್ಲಿ ಎರಡನೇ ಸಲ ಬಂದಾಗ ಇವನ ಹಡಗುಗಳು ಏಳಿಮಲೆಯ ಹತ್ತಿರ ಹೊಂಚು ಹಾಕಿದ್ದವು. ನಮ್ಮ ಕಾಸರಗೋಡಿನಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೋದರೆ ಪಯ್ಯನ್ನೂರು ದಾಟುವಾಗ ಬಲಕ್ಕೆ ಕಾಣುವ ಗುಡ್ಡ ಅದು. ಮಕ್ಕಾದಿಂದ ಹಜ್ಜ್ ಮುಗಿಸಿ ಮರಳುತ್ತಿದ್ದ 'ಮೀರಿ' ಎಂಬ ಹಡಗನ್ನು ಹಿಡಿದ. ಒಳಗಿದ್ದವರು ಇದ್ದ ಹೊನ್ನೆಲ್ಲ ಕೊಡುತ್ತೇವೆಂದರು. ಹೆಂಗಸರು ಮೈಮೇಲಿನ ಒಡವೆಯನ್ನೂ ಕೂಸುಗಳನ್ನೂ ಎತ್ತಿ ತೋರಿಸಿ ಬೇಡಿದರು. ಇವನು ನೂರಾರು ಜನರಿದ್ದ ಹಡಗಿಗೆ ಬೆಂಕಿ ಹಚ್ಚಿಸಿದ. ಕೆಲವು ಮಕ್ಕಳನ್ನು ಮಾತ್ರ ಉಳಿಸಿಕೊಂಡ. ಇದನ್ನು ಬರೆದಿಟ್ಟವನು ಆ ಪಡೆಯ ಜೊತೆಗೇ ಇದ್ದ ತೊಮೆ ಲೋಪೆಸ್ ಎಂಬ ಪೋರ್ಚುಗೀಸ.

ಅವನು ಕೊನೆಯವರೆಗೆ ಕೇಳಿದ. ನಡುವೆ ಒಂದು ಸಲವೂ "ಆದರೆ" ಎನ್ನಲಿಲ್ಲ. ನಾನು ಅದಕ್ಕೇ ಕಾಯುತ್ತಿದ್ದೆ, ಬಂದರೆ ಏನು ಹೇಳಬೇಕೆಂದು ಉತ್ತರವನ್ನೂ ಸಿದ್ಧ ಮಾಡಿಟ್ಟಿದ್ದೆ.

ಹೊರಗೆ ಬಂದು ಹತ್ತಿರದ ಪಾಸ್ಟೆಯ್ಸ್ ದೆ ಬೆಲೆಂ ಅಂಗಡಿಯಲ್ಲಿ ಕೂತೆವು. 1837ರಿಂದ ಇರುವ ಅಂಗಡಿ. ಬಿಸಿ ಮೊಟ್ಟೆ ತಿಂಡಿಯ ಮೇಲೆ ದಾಲ್ಚಿನ್ನಿ ಹುಡಿ ಉದುರಿಸುತ್ತ ಅವನು ಮಾತು ತೆಗೆದ. "ಇವರು ನಮ್ಮವರಾಗಿದ್ದರೆ ನಾವು ಗೋವಾ ಬಿಟ್ಟು ಯಾಕೆ ಬರುತ್ತಿದ್ದೆವು ಮಾರಾಯ? 1560ರಲ್ಲಿ ಇನ್‌ಕ್ವಿಸಿಷನ್ ತಂದದ್ದು ಇವರೇ. ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ನಮ್ಮ ಭಾಷೆ ಮಾತಾಡಿ ಎಂದು 1684ರಲ್ಲಿ ಆಜ್ಞೆ ಹೊರಡಿಸಿದವರೂ ಇವರೇ. ಭಾಷೆ ಬಿಡು ಎಂದರೆ ಹೇಗಾಗುತ್ತದೆಂದು ಕಾಸರಗೋಡಿನ ನಿನಗೆ ನಾನು ಹೇಳಬೇಕಾ?"

"'ನಿಮ್ಮ ಪರಂಗಿಗಳು' ಎಂದು ಬರೆದದ್ದು ತಪ್ಪಾಯಿತು" ಎಂದೆ.

"ನಾನು 'ನಿಮ್ಮ ಟಿಪ್ಪು' ಎಂದದ್ದೂ ಹಾಗೇ" ಎಂದ. ಸ್ವಲ್ಪ ಹೊತ್ತು ಬಿಟ್ಟು, ಕಪ್ಪಿನೊಳಗೆ ನೋಡುತ್ತ ಹೇಳಿದ: "ನೋವಾದದ್ದು ಅದಕ್ಕಲ್ಲ. ನನ್ನ ಅಜ್ಜಿ ಹೇಳಿದ್ದು ಕಟ್ಟುಕಥೆ ಎಂದೆಯಲ್ಲ, ಅದಕ್ಕೆ. ನೀನು ಅವರ ಕೈಯಿಂದ ಎಷ್ಟು ಸಲ ಉಂಡಿಲ್ಲ?"

ನನ್ನಲ್ಲಿ ಉತ್ತರ ಇರಲಿಲ್ಲ. ಕ್ರಿಸ್ಮಸ್‌ಗೆ ಆ ಅಜ್ಜಿ ನನಗೆಂದೇ ಬೇರೆ ಡಬ್ಬಿಯಲ್ಲಿ ಕುಸ್ವಾರ್ ಕಟ್ಟಿಡುತ್ತಿದ್ದರು. ಅವರ ಕಥೆಯನ್ನು ನಾನು ಒಂದು ದಿನವೂ ಪೂರ್ತಿ ಕೂತು ಕೇಳಿರಲಿಲ್ಲ. ಟಿಪ್ಪುವನ್ನು ಬೈದರೆ ನನ್ನನ್ನೇ ಬೈದಂತೆ ಎಂದು ಯಾರು ನನಗೆ ಕಲಿಸಿದರೋ! ಅವನು ನನ್ನ ಅಜ್ಜನೂ ಅಲ್ಲ, ನಮ್ಮ ಜಮಾಅತಿನವನೂ ಅಲ್ಲ. ಪರಂಗಿಗಳು ಪೊರ್ಬುವಿನ ಅಜ್ಜಂದಿರಲ್ಲದ ಹಾಗೆಯೇ.

ಹೊಳೆಯ ದಡದಲ್ಲಿ 1960ರಲ್ಲಿ ಕಟ್ಟಿದ ದೊಡ್ಡ ಸ್ಮಾರಕವಿದೆ. ಅದರ ಮುಂದೆ ನೆಲದ ಮೇಲೆ ಕಲ್ಲಿನಲ್ಲಿ ಮಾಡಿದ ಲೋಕದ ನಕ್ಷೆ. ನಮ್ಮ ಕರಾವಳಿಯನ್ನು ಹುಡುಕಿ ಇಬ್ಬರೂ ಅದರ ಮೇಲೆ ನಿಂತೆವು. ಕುಂಬಳೆ ಅದರಲ್ಲಿ ಎಲ್ಲಿಂದ ಬರಬೇಕು? ಆದರೆ ದುವಾರ್ತೆ ಬಾರ್ಬೋಸ ಎಂಬ ಪೋರ್ಚುಗೀಸ ಅಧಿಕಾರಿ ಐನೂರು ವರ್ಷ ಹಿಂದೆ ಅದರ ಬಗ್ಗೆ ಬರೆದಿದ್ದಾನೆ: ಕುಂಬಳೆಯಿಂದ ಮಾಲ್ಡೀವ್ಸ್‌ಗೆ ಅಕ್ಕಿ ಹೋಗುತ್ತದೆ, ಬದಲಿಗೆ ತೆಂಗಿನ ನಾರಿನ ಹಗ್ಗ ಬರುತ್ತದೆ ಎಂದು. ಅದನ್ನು ಹೇಳಿದಾಗ ಪೊರ್ಬು ತನ್ನ ಬೂಟಿನ ತುದಿಯಿಂದ ಅಂದಾಜಿನ ಜಾಗ ತೋರಿಸಿ, "ಇಲ್ಲಿ ನಮ್ಮ ಶಾಲೆ" ಎಂದ. ಫೋಟೋದಲ್ಲಿ ನಾಲ್ಕು ಬೂಟುಗಳು ಮಾತ್ರ ಇವೆ.

ವಿಮಾನ ನಿಲ್ದಾಣದಲ್ಲಿ ಅವನ ಗೇಟು ಮೊದಲು ಬಂತು. ಹೋಗುವಾಗ ತಿರುಗಿ ಹೇಳಿದ: "ಮೇ ತಿಂಗಳಲ್ಲಿ ಊರಿಗೆ ಬರುತ್ತೇನೆ. ಶ್ರೀರಂಗಪಟ್ಟಣಕ್ಕೆ ಹೋಗುವ. ಅಜ್ಜಿ ಹೇಳಿದ ಜಾಗ ನಾನೂ ಇದುವರೆಗೆ ನೋಡಿಲ್ಲ. ನೀನೂ ಬಾ."

ಬರುತ್ತೇನೆ ಎಂದೆ. ರಜೆಗೆ ಅರ್ಜಿ ಹಾಕಿಯಾಗಿದೆ. ಅಲ್ಲಿ ಅವನು ಹೇಳುವಾಗ ನಾನು ನಡುವೆ ಬಾಯಿ ಹಾಕಬಾರದು, ಅಷ್ಟೇ.